ಪ್ಲೇಗಿನ ಮುಂಬಯಿಯಲ್ಲಿ ಥ್ರಿಲ್ಲರ್ ಕಟ್ಟುವುದು ಹೇಗೆ? ಬರೆಯಲು ಹೊರಟವರಿಗೊಂದು ಮಾರ್ಗದರ್ಶಿ

ಮುಂಬಯಿ, ಪುಣೆಗಳಲ್ಲಿ ಕೂತು ಕನ್ನಡದಲ್ಲಿ ಬರೆಯುವ ಹೊಸಬರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ‘ಹಳೆಯ ಕಾಲದ ವೈದ್ಯಕೀಯ ಥ್ರಿಲ್ಲರ್ ಬರೀಬೇಕು. ಮಹತ್ವಾಕಾಂಕ್ಷೆಯ ಯುವ ವಿಜ್ಞಾನಿಗಳು ಇರಬೇಕು, ಉಳ್ಳವರು-ಇಲ್ಲದವರ ನಡುವಿನ ಕಂದಕ ಕಾಣಬೇಕು. ಲಂಡನ್ನಿನಲ್ಲಿ ಇಡಲೋ, ಪ್ಯಾರಿಸ್ಸಿನಲ್ಲಿ ಇಡಲೋ?’ ಎರಡೂ ಬೇಡ. ನೀವು ದಿನಾ ಲೋಕಲ್ ಹಿಡಿಯುವ ಊರಿನಲ್ಲೇ 1896ರಲ್ಲಿ ಇದೆಲ್ಲ ನಡೆದಿದೆ: ಮಾಂಡವಿಯ ಧಾನ್ಯದ ಗೋದಾಮು, ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆ, ಬೈಕುಲಾ ಜೈಲು. ಪುಣೆಯವರಿಗೆ ಗಣೇಶಖಿಂಡ್ ರಸ್ತೆ ಇದೆ, ಹುಬ್ಬಳ್ಳಿಯ ನಂಟಿರುವವರಿಗೆ ಹುಬ್ಬಳ್ಳಿಯೇ ಇದೆ.

ಇಂಥ ಕಾದಂಬರಿ ಸೋಲುವುದು ಕಲ್ಪನೆ ಸಾಲದೆ ಅಲ್ಲ. ಪ್ರಯೋಗಶಾಲೆಯ ಕೆಲಸಕ್ಕೆ ಎಷ್ಟು ಹೊತ್ತು ಬೇಕು, ಆ ಕೆಲಸದ ಅಪಾಯ ಯಾರ ಮೈಮೇಲೆ ಬೀಳುತ್ತದೆ ಎಂಬ ಎರಡು ಲೆಕ್ಕಗಳು ತಪ್ಪಿದಾಗ ಸೋಲುತ್ತದೆ. ಕೆಳಗಿನ ಹಂತಗಳೆಲ್ಲ ಆ ಎರಡು ಲೆಕ್ಕ ಸರಿಮಾಡಿಕೊಳ್ಳುವುದಕ್ಕೇ ಇವೆ.

ಮೊದಲು ಕೈಯಲ್ಲಿರಬೇಕಾದದ್ದು

ಒಂದು ದಪ್ಪ ನೋಟುಪುಸ್ತಕ, ಮುಂಬಯಿಯ ಹಳೆಯ ನಕ್ಷೆಯ ದೊಡ್ಡ ಪ್ರತಿ, ಮತ್ತೆ 2020 ಹಾಗೂ 2021ರ ಕ್ಯಾಲೆಂಡರು. ಕ್ಯಾಲೆಂಡರು ತಮಾಷೆಗಲ್ಲ. 1896ರ ವಾರ-ತಾರೀಖುಗಳು 2020ರದ್ದೇ, 1897ರದ್ದು 2021ರದ್ದೇ. ಮನೆಯ ಮೂಲೆಯಲ್ಲಿ ಹಳೆಯ ಕಾಲನಿರ್ಣಯ ಬಿದ್ದಿದ್ದರೆ ಇಂಗ್ಲಿಷ್ ತಾರೀಖಿನ ಮಟ್ಟಿಗೆ ಅದೇ ಸಾಕು. ಆದರೆ ತಿಥಿ, ಹಬ್ಬಗಳನ್ನು ಅದರಿಂದ ಎತ್ತಬೇಡಿ, ಅವು ಹೊಂದುವುದಿಲ್ಲ.

ದಾಖಲೆಗೆ ಕಾಳಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರ, ಟೌನ್‌ಹಾಲಿನ ಏಷಿಯಾಟಿಕ್ ಸೊಸೈಟಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಬ್ರಿಟಿಷ್ ಭಾರತದ ವೈದ್ಯಕೀಯ ವರದಿಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆ ಓದಲು ಇಟ್ಟಿದೆ. ಮುನಿಸಿಪಲ್ ಕಮಿಷನರ್ ಸ್ನೋ ಬರೆದ 1896-97ರ ಪ್ಲೇಗು ವರದಿಯಿಂದ ಶುರುಮಾಡಿ. ಸರಕಾರ ವಾರವಾರವೂ ದೇಶೀ ಪತ್ರಿಕೆಗಳ ಸಾರವನ್ನು ಇಂಗ್ಲಿಷಿಗೆ ಇಳಿಸಿ ಇಟ್ಟುಕೊಳ್ಳುತ್ತಿತ್ತು. ಮರಾಠಿ, ಗುಜರಾತಿ ಪತ್ರಿಕೆಗಳ ಜೊತೆ ಕನ್ನಡ ಪತ್ರಿಕೆಗಳ ಸಾರವೂ ಆ ಕಡತಗಳಲ್ಲಿ ಸಿಗುತ್ತದೆ. ಜನ ಏನು ಗೊಣಗುತ್ತಿದ್ದರು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹಂತ 1: ಕಾಲದ ಕಿಟಕಿ ಚಿಕ್ಕದಿರಲಿ

‘ಪ್ಲೇಗಿನ ಕಾಲ’ ಎಂದು ಇಪ್ಪತ್ತು ವರ್ಷ ಹರಡಿಕೊಂಡರೆ ಅದು ವಂಶಾವಳಿಯ ಕಾದಂಬರಿಯಾಗುತ್ತದೆ, ಥ್ರಿಲ್ಲರ್ ಆಗುವುದಿಲ್ಲ. ಈ ಮೂರರಲ್ಲಿ ಒಂದನ್ನು ಆರಿಸಿ.

ಮುಂಬಯಿ: 1896ರ ಸೆಪ್ಟೆಂಬರ್ 23ರಿಂದ 1897ರ ಜನವರಿ ಕೊನೆಯವರೆಗೆ, ಸುಮಾರು 130 ದಿನ. ಗೋವಾದ ಅರ್ಪೋರಾ ಮೂಲದ ಡಾ. ಅಕಾಸಿಯೋ ವೀಗಸ್ ಮಾಂಡವಿಯಲ್ಲಿ ಕಂಡದ್ದು ಗೆಡ್ಡೆಯ (ಬ್ಯುಬೊನಿಕ್) ಪ್ಲೇಗು ಎಂದು ಸಾರಿದ್ದರಿಂದ ಹಿಡಿದು ಬೈಕುಲಾ ಜೈಲಿನ ಲಸಿಕೆ ಪ್ರಯೋಗದವರೆಗೆ.

ಪುಣೆ: 1897ರ ಫೆಬ್ರವರಿಯಿಂದ ಜೂನ್ 22ರವರೆಗೆ. ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದದ್ದು ಫೆಬ್ರವರಿ 4ರಂದು. ಮಾರ್ಚ್ 10ರಂದು ಸಾವಿತ್ರಿಬಾಯಿ ಫುಲೆ ಪ್ಲೇಗಿನಿಂದ ತೀರಿಕೊಂಡರು. ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ದಿನ, ಚಾಪೇಕರ್ ಸಹೋದರರು ಗಣೇಶಖಿಂಡ್ ರಸ್ತೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು.

ಹುಬ್ಬಳ್ಳಿ: 1898. ಸಾಮೂಹಿಕವಾಗಿ ಲಸಿಕೆ ಹಾಕಿದ ಮೊದಮೊದಲ ಊರುಗಳಲ್ಲಿ ಅದೂ ಒಂದು.

ಮೊದಲ ಪುಸ್ತಕವಾದರೆ ಮುಂಬಯಿಯ 130 ದಿನವೇ ವಾಸಿ. ಪುಣೆಯ ಕಥೆ ರಾಜಕೀಯದ ಕಡೆ ಎಳೆಯುತ್ತದೆ. ಪಿಸ್ತೂಲು ಬಂದಮೇಲೆ ಸೂಕ್ಷ್ಮದರ್ಶಕವನ್ನು ಯಾರೂ ನೋಡುವುದಿಲ್ಲ.

ಒಂದು ಎಚ್ಚರಿಕೆ: ಮುಂಬಯಿಯಲ್ಲಿ ಪ್ಲೇಗು ವರ್ಷವಿಡೀ ಒಂದೇ ಸಮ ಕಾಡಲಿಲ್ಲ. ಚಳಿಗಾಲದಲ್ಲಿ ಏರಿ ಫೆಬ್ರವರಿ-ಮಾರ್ಚ್ ಹೊತ್ತಿಗೆ ತುದಿ ಮುಟ್ಟಿ, ಮಳೆಗಾಲದಲ್ಲಿ ತಗ್ಗಿ, ಮುಂದಿನ ಚಳಿಗೆ ಮತ್ತೆ ಬರುತ್ತಿತ್ತು. ಧೋ ಎಂದು ಮಳೆ ಸುರಿಯುವ ಜುಲೈಯಲ್ಲಿ ಹೆಣಗಳ ಸಾಲು ತೋರಿಸಿದರೆ ಇತಿಹಾಸ ಓದಿದವನು ಅಲ್ಲೇ ಪುಸ್ತಕ ಮಡಚುತ್ತಾನೆ.

ಹಂತ 2: ‘ಅವರಿಗೆ ಗೊತ್ತಿತ್ತು, ನಮಗೆ ಗೊತ್ತು’ ಪಟ್ಟಿ

ನೋಟುಪುಸ್ತಕದ ಹಾಳೆಯನ್ನು ಉದ್ದಕ್ಕೆ ಸೀಳಿದಂತೆ ಎರಡು ಭಾಗ ಮಾಡಿ. ಎಡಕ್ಕೆ 1896ರ ಅಕ್ಟೋಬರಿನಲ್ಲಿ ಒಬ್ಬ ಒಳ್ಳೆಯ ಡಾಕ್ಟರಿಗೆ ಗೊತ್ತಿದ್ದದ್ದು, ಬಲಕ್ಕೆ ಇವತ್ತು ನಿಮಗೆ ಗೊತ್ತಿರುವುದು.

ಎಡಗಡೆ ಬರೆಯಬೇಕಾದದ್ದು: 1894ರಲ್ಲಿ ಹಾಂಕಾಂಗಿನಲ್ಲಿ ಯೆರ್ಸಿನ್ ಮತ್ತು ಕಿಟಾಸಾಟೊ ಬೇರೆಬೇರೆಯಾಗಿ ರೋಗಾಣುವನ್ನು ಹುಡುಕಿದ್ದಾರೆ. ಸೂಕ್ಷ್ಮದರ್ಶಕದಲ್ಲಿ ಅದು ಬಣ್ಣ ಹಚ್ಚಿದಾಗ ಎರಡು ತುದಿ ಗಾಢ, ನಡುವೆ ತೆಳು. ಇಲಿಗಳು ಮೊದಲು ಸಾಯುತ್ತವೆ ಎಂಬುದೂ ಕಣ್ಣಿಗೆ ಬಿದ್ದಿದೆ. ಇಲಿಯಿಂದ ಮನುಷ್ಯನಿಗೆ ಹೇಗೆ ಎಂಬುದು ಮಾತ್ರ ಗೊತ್ತಿಲ್ಲ. ನೆಲದ ಕೊಳೆ, ಚರಂಡಿಯ ಗಾಳಿ, ತೇವದ ಗೋಡೆ, ಧಾನ್ಯದ ಚೀಲ, ಬರಿಗಾಲು ಹೀಗೆ ಒಬ್ಬೊಬ್ಬರದು ಒಂದೊಂದು ವಾದ.

ಬಲಗಡೆ: ಇಲಿಯ ಚಿಗಟ. ಇದನ್ನು ಪಾಲ್-ಲೂಯಿ ಸಿಮಂ ಪ್ರಯೋಗದಲ್ಲಿ ತೋರಿಸಿದ್ದು 1898ರ ಜೂನಿನಲ್ಲಿ, ಕರಾಚಿಯಲ್ಲಿ. ಆಗಲೂ ನಕ್ಕವರೇ ಹೆಚ್ಚು. 1905ರಲ್ಲಿ ಶುರುವಾದ ಪ್ಲೇಗು ಸಂಶೋಧನಾ ಆಯೋಗ ಖಚಿತಪಡಿಸಿದ ಮೇಲೆ ವಾದ ನಿಂತಿತು.

ಈ ಎರಡು ಭಾಗದ ನಡುವಿನ ಖಾಲಿ ಜಾಗವೇ ನಿಮ್ಮ ಸಸ್ಪೆನ್ಸು. ಮುನಿಸಿಪಾಲಿಟಿಯವರು ಚರಂಡಿಗೆ ರೋಗಾಣು ಕೊಲ್ಲುವ ಕಾರ್ಬಾಲಿಕ್ ಆಮ್ಲ ಮತ್ತು ಸಮುದ್ರದ ನೀರು ಹಾಯಿಸುತ್ತಾರೆ, ಹೆಂಚು ಕಿತ್ತು ಬೆಳಕು ಬಿಡುತ್ತಾರೆ, ನೆಲ ಅಗೆಯುತ್ತಾರೆ, ಗೋಡೆಗೆ ಸುಣ್ಣ ಬಳಿಯುತ್ತಾರೆ. ಗಾಬರಿಯಾದ ಇಲಿಗಳು ಪಕ್ಕದ ಮನೆಗೆ ಓಡುತ್ತವೆ. ಪಾತ್ರಗಳು ಒಳ್ಳೆಯದೆಂದು ನಂಬಿ ಮಾಡುವ ಕೆಲಸವೇ ಕೇಡನ್ನು ಪಕ್ಕದ ಚಾಳಿಗೆ ದಾಟಿಸುತ್ತದೆ, ಓದುಗ ಅದನ್ನು ನೋಡುತ್ತ ಕೂರುತ್ತಾನೆ. ಇದಕ್ಕಿಂತ ದೊಡ್ಡ ಖಳ ಬೇಕಿಲ್ಲ. ಬೇಕೆಂದೇ ರೋಗ ಹರಡಿಸುವ ದುಷ್ಟ ವಿಜ್ಞಾನಿಯನ್ನು ತರಬೇಡಿ. ಅವನು ಬಂದೊಡನೆ ಊರಿನ ಹೊಣೆ, ಸರಕಾರದ ಹೊಣೆ ಎಲ್ಲ ಅವನೊಬ್ಬನ ತಲೆಗೆ ಹೋಗಿ ಕಥೆ ಸಪ್ಪೆಯಾಗುತ್ತದೆ.

ಸಾಮಾನ್ಯ ತಪ್ಪು: ನಾಯಕನಿಗೆ 1896ರಲ್ಲೇ ಚಿಗಟದ ಗುಟ್ಟು ಹೊಳೆಯುವುದು. ಬೇಕಿದ್ದರೆ ಅವನು ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವಾಗ ಮಣಿಕಟ್ಟಿನ ಮೇಲೆ ಏನೋ ಹಾರಿ ಕೂತದ್ದನ್ನು ಒರೆಸಿಕೊಳ್ಳಲಿ. ಅಷ್ಟು ಸಾಕು, ವಿವರಣೆ ಬೇಡ.

ಹಂತ 3: ಪ್ರಯೋಗಶಾಲೆಯನ್ನು ಕೈಯಾರೆ ಕಟ್ಟಿ

ಈ ಹಂತಕ್ಕೆ ಎಲ್ಲಕ್ಕಿಂತ ಹೆಚ್ಚು ದಿನ ಕೊಡಿ. ನಿಮ್ಮ ಯುವ ವಿಜ್ಞಾನಿಗಳು ಏನು ಮಾಡುತ್ತಿದ್ದಾರೆಂದು ನಿಮಗೇ ಗೊತ್ತಿಲ್ಲದಿದ್ದರೆ ಅವರು ಪುಟಗಟ್ಟಲೆ ‘ಸಂಶೋಧನೆಯಲ್ಲಿ ಮುಳುಗಿ’ ಹೋಗುತ್ತಾರೆ, ಮೇಲೆ ಬರುವುದೇ ಇಲ್ಲ.

ಮಾದರಿ ನಿಮ್ಮೆದುರಿಗಿದೆ. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಾಲ್ಡೆಮಾರ್ ಹಾಫ್ಕಿನ್ 1896ರ ಅಕ್ಟೋಬರ್ ಮೊದಲ ವಾರ ಮುಂಬಯಿಗೆ ಬಂದ. ಪ್ಲೇಗಿನ ಲಸಿಕೆ ತಯಾರಿಸಿದವನು ಇವನೇ. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಪ್ರಯೋಗಶಾಲೆ ಎಂದರೆ ಅಷ್ಟೇ.

ಕೆಲಸದ ಕ್ರಮವನ್ನು ಹೀಗೆ ಬರೆದಿಟ್ಟುಕೊಳ್ಳಿ:

(ಅ) ರೋಗಿಯ ಗೆಡ್ಡೆಯಿಂದ ಸೂಜಿಯಲ್ಲಿ ರಸ ತೆಗೆಯುವುದು. ಗೆಡ್ಡೆ ಎಂದರೆ ತೊಡೆಸಂದು, ಕಂಕುಳು ಅಥವಾ ಕತ್ತಿನಲ್ಲಿ ಊದಿಕೊಂಡ ದುಗ್ಧಗ್ರಂಥಿ. ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ನೋಡುವುದು. ಕೈನುರಿತವನಿಗೆ ಕೆಲವೇ ನಿಮಿಷದ ಕೆಲಸ.

(ಆ) ಅದೇ ರಸವನ್ನು ಅಗಾರ್ ಮೇಲೆ ಗೀರುವುದು. ಅಗಾರ್ ಎಂದರೆ ಕಡಲಪಾಚಿಯಿಂದ ಮಾಡಿದ ಗಟ್ಟಿ ಲೋಳೆ, ರೋಗಾಣುಗಳಿಗೆ ಹಾಸಿಗೆಯೂ ಊಟವೂ ಅದೇ. ಪ್ಲೇಗಿನ ರೋಗಾಣು ನಿಧಾನಿ, ಕಣ್ಣಿಗೆ ಕಾಣುವಷ್ಟು ಬೆಳೆಯಲು ಸುಮಾರು 48 ಗಂಟೆ. ಅದಕ್ಕೆ ಹಿತವಾದ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮುಂಬಯಿಯ ಕೋಣೆಯಲ್ಲಿ ಅದು ತಾನಾಗಿಯೇ ಇರುತ್ತದೆ.

(ಇ) ಲಸಿಕೆಗಾಗಿ ದೊಡ್ಡ ಸೀಸೆಯಲ್ಲಿ ಮಾಂಸದ ಕಷಾಯ. ದನದ್ದೂ ಹಂದಿಯದ್ದೂ ಆಗಬಾರದೆಂದು ಆಡಿನ ಮಾಂಸ ಬಳಸಿದರು. ಮೇಲೆ ಕೆಲವು ಹನಿ ತುಪ್ಪ ಅಥವಾ ಕೊಬ್ಬರಿ ಎಣ್ಣೆ. ರೋಗಾಣುಗಳು ಆ ಜಿಡ್ಡಿನ ತಳಕ್ಕೆ ಅಂಟಿಕೊಂಡು, ಗುಹೆಯ ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೋಲುಗಳ ಹಾಗೆ, ಬಿಳಿ ಎಳೆಗಳಾಗಿ ಕೆಳಕ್ಕೆ ಬೆಳೆಯುತ್ತವೆ. ಕೆಲವು ದಿನಕ್ಕೊಮ್ಮೆ ಸೀಸೆಯನ್ನು ಅಲುಗಿಸಿದರೆ ಎಳೆಗಳು ಕಳಚಿ ತಳ ಸೇರಿ, ಮೇಲೆ ಹೊಸ ಬೆಳೆ ಬರುತ್ತದೆ. ಒಟ್ಟು ಐದಾರು ವಾರ.

(ಈ) ಆಮೇಲೆ ಸುಮಾರು 70 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ರೋಗಾಣುಗಳನ್ನು ಕೊಲ್ಲುವುದು. ಕೆಡದಂತೆ ಶೇ. 0.5 ಕಾರ್ಬಾಲಿಕ್ ಆಮ್ಲ ಸೇರಿಸುವುದು.

(ಉ) ಪ್ರಾಣಿಗಳ ಮೇಲೆ ಪರೀಕ್ಷೆ. ರೋಗ ಹತ್ತಿಸಿದ ಇಲಿಯಾಗಲಿ ಗಿನಿ ಹಂದಿಯಾಗಲಿ ಸಾಯಲು ಎರಡರಿಂದ ಐದು ದಿನ.

ಈಗ ಎಲ್ಲೆಲ್ಲಿ ಎಡವಬಹುದು ನೋಡಿ, ನಿಮ್ಮ ಅಧ್ಯಾಯಗಳು ಅಲ್ಲಿವೆ. ಎಳೆಗಳು ತೂಗಬೇಕಾದರೆ ಸೀಸೆ ಅಲುಗಬಾರದು. ಬಾಗಿಲು ಧಡಾರೆಂದರೆ, ಯಾರೋ ಮೇಜಿಗೆ ತೊಡೆ ತಗುಲಿಸಿದರೆ ಎಳೆ ಕಳಚುತ್ತದೆ. ಎಳೆಯೇ ಬಾರದೆ ಕಷಾಯವಿಡೀ ಕಲಸಿದ ಹಾಗೆ ಮಬ್ಬಾದರೆ ಬೇರೆ ರೋಗಾಣು ಹೊಕ್ಕಿದೆ, ವಾರಗಳ ಕೆಲಸ ಚರಂಡಿಗೆ. ಕಾಯಿಸಿದ್ದು ಕಡಿಮೆಯಾದರೆ ಜೀವಂತ ಪ್ಲೇಗನ್ನೇ ಚುಚ್ಚಿದಂತೆ, ಹೆಚ್ಚಾದರೆ ಲಸಿಕೆ ನಿಸ್ಸಾರ. ಹತ್ತಿಯ ಬಿರಟೆ ಒದ್ದೆಯಾದರೆ ಅದರ ಮೂಲಕವೇ ಬೂಷ್ಟು ಇಳಿಯುತ್ತದೆ.

ಬಿರಟೆ ತೆಗೆಯುವುದು ಎಷ್ಟು ದೊಡ್ಡ ಕಥೆಯಾಗಬಹುದು ಎನ್ನುವುದಕ್ಕೆ 1902ರ ಅಕ್ಟೋಬರ್ 30ರ ಪಂಜಾಬಿನ ಮುಲ್ಕೋವಾಲ್ ಪ್ರಕರಣ ಓದಿ. ಒಂದು ಸೀಸೆಯ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪು ಮುಂಬಯಿಯ ಪ್ರಯೋಗಶಾಲೆಯದೋ, ಹಳ್ಳಿಯಲ್ಲಿ ಸೀಸೆ ತೆರೆದಾಗ ನೆಲಕ್ಕೆ ಬಿದ್ದ ಚಿಮಟದ್ದೋ? ಹಾಫ್ಕಿನ್ ಹುದ್ದೆ ಹೋಯಿತು, ಆರೋಪದಿಂದ ಮುಕ್ತನಾಗಲು 1907 ಬರಬೇಕಾಯಿತು. ಇಂಥದೊಂದನ್ನು ನಿಮ್ಮ ಕಥೆಯಲ್ಲಿ ತರುವುದಾದರೆ ಊರು, ವರ್ಷ, ಹೆಸರು ಎಲ್ಲ ಬದಲಿಸಿ, ಯಾಂತ್ರಿಕ ವಿವರವನ್ನು ಮಾತ್ರ ಉಳಿಸಿಕೊಳ್ಳಿ.

ಸಾಧ್ಯವಾದರೆ ಹತ್ತಿರದ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರ ವಿಭಾಗದವರನ್ನು ಕೇಳಿ, ನಿರಪಾಯದ ಯಾವುದಾದರೂ ಬ್ಯಾಕ್ಟೀರಿಯಾವನ್ನು ಅಗಾರ್ ಮೇಲೆ ಗೀರುವುದನ್ನು ನಿಂತು ನೋಡಿ. ತಂತಿ ಕಾಸುವ ಜ್ವಾಲೆಯ ಬಣ್ಣ, ತಣಿಯದ ತಂತಿ ಲೋಳೆಗೆ ತಾಗಿದಾಗ ಆಗುವ ಚುರ್ ಶಬ್ದ, ಕುದಿಸಿದ ಕಷಾಯದ ನಾತ, ಇವು ವರದಿಗಳಲ್ಲಿ ಸಿಗುವುದಿಲ್ಲ.

ಹಂತ 4: ಏಣಿ ಬರೆಯಿರಿ, ಮೆಟ್ಟಿಲಿಗೊಂದು ಪಾತ್ರ ಕೂರಿಸಿ

ವರ್ಗಭೇದ ತೋರಿಸುವುದೆಂದರೆ ಬಂಗಲೆಯನ್ನೂ ಜೋಪಡಿಯನ್ನೂ ಪಕ್ಕಪಕ್ಕ ವರ್ಣಿಸುವುದಲ್ಲ. ಒಂದೇ ಕಟ್ಟಡದೊಳಗಿನ ಏಣಿಯನ್ನು ತೋರಿಸಿ.

ಮೇಲ್ತುದಿಯಲ್ಲಿ ಐ.ಎಂ.ಎಸ್., ಅಂದರೆ ಇಂಡಿಯನ್ ಮೆಡಿಕಲ್ ಸರ್ವಿಸ್. ಅದರ ಪರೀಕ್ಷೆ ನಡೆಯುತ್ತಿದ್ದದ್ದು ಲಂಡನ್ನಿನಲ್ಲಿ. ಹಡಗಿನ ಖರ್ಚು ಇಲ್ಲದವನಿಗೆ ಬುದ್ಧಿ ಎಷ್ಟಿದ್ದರೂ ಬಾಗಿಲು ಮುಚ್ಚಿದಂತೆಯೇ. ಕೆಳಗೆ ಮುಂಬಯಿ ವಿಶ್ವವಿದ್ಯಾಲಯದ ಎಲ್.ಎಂ. ಅಂಡ್ ಎಸ್. ಪದವಿಯ ದೇಶೀ ಡಾಕ್ಟರು. ಅವನ ಕೆಳಗೆ ಹಾಸ್ಪಿಟಲ್ ಅಸಿಸ್ಟೆಂಟ್, ಆಮೇಲೆ ಕಂಪೌಂಡರ್, ವಾರ್ಡ್‌ಬಾಯ್, ಪ್ರಾಣಿಗಳ ಪಂಜರ ತೊಳೆಯುವ ಜವಾನ. ತಳದಲ್ಲಿ ಹಲಾಲಖೋರರು, ಅಂದರೆ ಮಲ ಹೊರುವ, ಚರಂಡಿ ತೊಳೆಯುವ ಮುನಿಸಿಪಾಲಿಟಿ ಕೆಲಸಗಾರರು.

ವಿಜ್ಞಾನಿಗಳೊಳಗೂ ಏಣಿ ಇದೆ ಎಂಬುದನ್ನು ಬಿಡಬೇಡಿ. ಹಾಫ್ಕಿನ್ ವೈದ್ಯನೇ ಅಲ್ಲ, ಪ್ರಾಣಿಶಾಸ್ತ್ರ ಓದಿದವನು. ಮೇಲಾಗಿ ರಷ್ಯಾದ ಯಹೂದಿ. ಬ್ರಿಟಿಷ್ ವೈದ್ಯಾಧಿಕಾರಿಗಳ ಕಣ್ಣಿಗೆ ಎಂದಿಗೂ ಹೊರಗಿನವನೇ. ಹಾಂಕಾಂಗಿನಲ್ಲಿ ಯೆರ್ಸಿನ್‌ಗೂ ಆಸ್ಪತ್ರೆಯ ಹೆಣದಕೋಣೆಗೆ ಪ್ರವೇಶ ಸಿಗದೆ, ಹುಲ್ಲುಗುಡಿಸಲಲ್ಲಿ ಕೆಲಸ ಮಾಡಿ, ಹೆಣ ಸಾಗಿಸುವ ನಾವಿಕರ ಕೈಬೆಚ್ಚಗೆ ಮಾಡಿ ಗೆಡ್ಡೆ ಸಂಪಾದಿಸಬೇಕಾಗಿತ್ತು. ಮಹತ್ವಾಕಾಂಕ್ಷೆ ಎಂಬ ಪದವನ್ನು ಒಮ್ಮೆಯೂ ಬಳಸದೆ ಅದನ್ನು ತೋರಿಸುವ ದಾರಿ ಇದು.

ಇನ್ನು ಅಪಾಯದ ಲೆಕ್ಕ. ಮುಂಬಯಿಗೆ ಬಂದಿದ್ದ ವಿಯೆನ್ನಾದ ತಂಡ ಪ್ಲೇಗಿನ ರೋಗಾಣುಗಳನ್ನು ಊರಿಗೆ ಕೊಂಡೊಯ್ದಿತ್ತು. 1898ರ ಅಕ್ಟೋಬರಿನಲ್ಲಿ ವಿಯೆನ್ನಾದ ಪ್ರಯೋಗಶಾಲೆಯಿಂದಲೇ ರೋಗ ಹೊರಬಿತ್ತು. ಮೊದಲು ಸತ್ತದ್ದು ಅಲ್ಲಿನ ಆಳು ಫ್ರಾಂಟ್ಸ್ ಬಾರಿಶ್, ಆಮೇಲೆ ಅವನಿಗೆ ಚಿಕಿತ್ಸೆ ಮಾಡಿದ ಡಾ. ಮ್ಯುಲ್ಲರ್, ಆಮೇಲೆ ಆರೈಕೆ ಮಾಡಿದ ದಾದಿ. ಸೀಸೆ ತೊಳೆಯುವವನು ಪ್ರಬಂಧದಲ್ಲಿ ಹೆಸರಿಲ್ಲದವನು, ಸಾವಿನಲ್ಲಿ ಮೊದಲಿನವನು. ನಿಮ್ಮ ಕಾದಂಬರಿಯ ಬೆನ್ನೆಲುಬು ಈ ಒಂದು ಘಟನೆಯ ಮೇಲೆ ನಿಲ್ಲಬಲ್ಲದು.

ಆದರೆ ಕೆಳಗಿನ ಮೆಟ್ಟಿಲಿನವರನ್ನು ಬರೀ ಸಾಯುವವರನ್ನಾಗಿ ಮಾಡಬೇಡಿ. ಹೊಸಬರ ಹತ್ತು ಹಸ್ತಪ್ರತಿಗಳಲ್ಲಿ ಎಂಟರಲ್ಲಿ ಇದೇ ದೋಷ. 1896ರ ಅಕ್ಟೋಬರ್ 6ರ ಆಜ್ಞೆ ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಒಯ್ಯಬಹುದೆಂದಿತು. ಅಕ್ಟೋಬರ್ 29ರಂದು ಗಿರಣಿ ಕೆಲಸಗಾರರು ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿದರು. ಹಲಾಲಖೋರರೂ ಊರು ಬಿಟ್ಟರೆ ಇಡೀ ನಗರ ಹೊಲಸಿನಲ್ಲಿ ಮುಳುಗುತ್ತದೆಂಬ ಭಯ ಕಮಿಷನರನಿಗೆ. ಆ ತಿಂಗಳು ಮುಗಿಯುವಷ್ಟರಲ್ಲಿ ನಿಯಮ ಸಡಿಲವಾಯಿತು. ಲಕ್ಷಾಂತರ ಜನ ಊರು ಖಾಲಿ ಮಾಡಿದಾಗ ಗಿರಣಿ ಮಾಲೀಕರು ಬೀದಿಮೂಲೆಯಲ್ಲಿ ನಿಂತು ಕೂಲಿಯವರಿಗಾಗಿ ಹರಾಜು ಕೂಗಿದರು. ತಳದವರಿಗೆ ಶಕ್ತಿ ಇತ್ತು, ಅವರಿಗೂ ಅದು ಗೊತ್ತಿತ್ತು.

ಸಣ್ಣ ವಿವರಗಳು ದೊಡ್ಡ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ರೈಲು ತಪಾಸಣೆಯಲ್ಲಿ ಮೇಲ್ದರ್ಜೆಯವರನ್ನು ಡಬ್ಬಿಯಲ್ಲಿ ಕೂತಲ್ಲೇ ನೋಡುತ್ತಿದ್ದರು, ಮೂರನೇ ದರ್ಜೆಯವರನ್ನು ಪ್ಲಾಟ್‌ಫಾರ್ಮಿಗೆ ಇಳಿಸಿ ಸಾಲಾಗಿ ನಿಲ್ಲಿಸಿ ಕಂಕುಳು, ತೊಡೆಸಂದು ಮುಟ್ಟಿ ನೋಡುತ್ತಿದ್ದರು. ಹಣವಿದ್ದ ಜಾತಿ-ಸಮುದಾಯಗಳು ತಮ್ಮದೇ ಪ್ಲೇಗು ಆಸ್ಪತ್ರೆ ತೆರೆದುಕೊಂಡವು. ಬಡವರ ಚಾಳಿನ ಗೋಡೆಗೆ ‘ಮನುಷ್ಯವಾಸಕ್ಕೆ ಅಯೋಗ್ಯ’ ಎಂಬುದರ ಮೂರು ಇಂಗ್ಲಿಷ್ ಅಕ್ಷರ ಬಳಿದು ಹೋದರು: ಯು.ಎಚ್.ಎಚ್. ಇಂಗ್ಲಿಷ್ ಬಾರದವನು ಮನೆಗೆ ಬಂದು ಆ ಅಕ್ಷರಗಳನ್ನು ನೋಡುತ್ತಾನೆ. ಅಲ್ಲಿ ಅಧ್ಯಾಯ ಮುರಿಯಿರಿ.

ಹಂತ 5: ಕನ್ನಡದವನನ್ನು ಮುಂಬಯಿಗೆ ಸರಿಯಾದ ದಾರಿಯಲ್ಲಿ ತನ್ನಿ

ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಆಗ ಮುಂಬಯಿ ಪ್ರೆಸಿಡೆನ್ಸಿಯಲ್ಲಿದ್ದವು. ಆದ್ದರಿಂದ ಗ್ರಾಂಟ್ ಮೆಡಿಕಲ್ ಕಾಲೇಜಿಗೆ ಧಾರವಾಡದ ಹುಡುಗ ಬರುವುದು ಸಹಜ, ಪುಣೆಯ ಮೇಲಾಗಿ ರೈಲಿನಲ್ಲೇ ಬರಬಹುದು. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಉಡುಪಿ ಕಡೆಯವನಾದರೆ ಕರಾವಳಿಯ ಹಡಗು ಹತ್ತಿಸಿ.

ಅವನನ್ನು ಮಾಟುಂಗದ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿನ್ನಲು ಕೂರಿಸಬೇಡಿ! 1896ರ ಮಾಟುಂಗ ಊರ ಹೊರಗಿನ ಜಾಗ, ಅಲ್ಲಿದ್ದದ್ದು ಕುಷ್ಠರೋಗಿಗಳ ಆಶ್ರಮ. ನಮ್ಮವರ ಮಾಟುಂಗ, ದಾದರ್, ವಡಾಲಾ ಬಡಾವಣೆಗಳು ಪ್ಲೇಗಿನ ಹೊಡೆತ ತಿಂದು 1898ರಲ್ಲಿ ಹುಟ್ಟಿದ, ನಗರ ಸುಧಾರಣೆಯ ಇಂಪ್ರೂವ್‌ಮೆಂಟ್ ಟ್ರಸ್ಟಿನ ಕೆಲಸ. ಆ ಹೋಟೆಲುಗಳು ಅದಕ್ಕೂ ದಶಕಗಳ ನಂತರದವು.

ನಾಯಕಿ ಬೇಕೆ? ಗ್ರಾಂಟ್ ಮೆಡಿಕಲ್ ಕಾಲೇಜು 1880ರ ದಶಕದಲ್ಲೇ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತ್ತು, ಹೆಂಗಸರಿಗೆಂದೇ ಇರುವ ಕಾಮಾ ಆಸ್ಪತ್ರೆ 1886ರಿಂದ ಇದೆ. ಪಾರ್ಸಿ ಅಥವಾ ಕ್ರೈಸ್ತ ಹುಡುಗಿಯಾದರೆ ಓದುಗ ಪ್ರಶ್ನಿಸದೆ ಒಪ್ಪುತ್ತಾನೆ. ಧಾರವಾಡದ ಬ್ರಾಹ್ಮಣ ಅಥವಾ ಲಿಂಗಾಯತ ಹುಡುಗಿಯಾದರೆ ಅವಳು ಅಲ್ಲಿಯವರೆಗೆ ಹೇಗೆ ಬಂದಳು, ಯಾರು ದುಡ್ಡು ಕೊಟ್ಟರು, ಯಾರು ಮಾತು ಬಿಟ್ಟರು ಎಂಬುದಕ್ಕೆ ಒಂದಿಡೀ ಅಧ್ಯಾಯ ಬೇಕು.

ಮಾತಿನ ವಿಚಾರ ಚುಟುಕಾಗಿ: ಧಾರವಾಡದವನು ಧಾರವಾಡದ ಕನ್ನಡ ಆಡಲಿ, ಮರಾಠಿ-ಹಿಂದುಸ್ತಾನಿ ಒಂದೊಂದು ಪದವಾಗಿ ಬರಲಿ. ಪುಟಗಟ್ಟಲೆ ಮರಾಠಿ ಸಂಭಾಷಣೆ ಬೆಂಗಳೂರಿನ ಓದುಗನನ್ನು ಹೊರಗಿಡುತ್ತದೆ.

ಹಂತ 6: ಗಡಿಯಾರಗಳನ್ನು ಜೋಡಿಸಿ

ಥ್ರಿಲ್ಲರಿಗೆ ಗಡಿಯಾರ ಬೇಕು. ನಿಮಗೆ ಮೂರು ತಯಾರಾಗಿ ಸಿಗುತ್ತವೆ.

ರೋಗದ ಗಡಿಯಾರ: ಸೋಂಕು ತಗುಲಿ ಎರಡರಿಂದ ಆರು ದಿನಕ್ಕೆ ಜ್ವರ, ಗೆಡ್ಡೆ. ಆಗ ಔಷಧವಿಲ್ಲ, ಗೆಡ್ಡೆಯ ಪ್ಲೇಗಿನಲ್ಲಿ ಅರ್ಧದಷ್ಟು ಅಥವಾ ಹೆಚ್ಚು ಮಂದಿ ಸಾಯುತ್ತಿದ್ದರು. ಶ್ವಾಸಕೋಶಕ್ಕೆ ಇಳಿದರೆ ಎರಡು-ಮೂರು ದಿನ, ಬದುಕುವವರು ಇಲ್ಲವೆಂದೇ ಲೆಕ್ಕ.

ಸೀಸೆಯ ಗಡಿಯಾರ: ಮೇಲೆ ಹೇಳಿದ ಐದಾರು ವಾರ. ಎಷ್ಟು ಬೇಡಿಕೊಂಡರೂ ಬೇಗ ಓಡುವುದಿಲ್ಲ.

ಊರಿನ ಗಡಿಯಾರ: ಇದು ಬಹುತೇಕರಿಗೆ ಗೊತ್ತಿಲ್ಲ. 1896ರ ಮುಂಬಯಿಯಲ್ಲಿ ಎರಡು ಸಮಯಗಳು ಓಡುತ್ತಿದ್ದವು. ಪೇಟೆ ನಡೆಯುತ್ತಿದ್ದದ್ದು ಮುಂಬಯಿ ಸಮಯದಲ್ಲಿ, ರೈಲು ನಡೆಯುತ್ತಿದ್ದದ್ದು ಮದ್ರಾಸ್ ಸಮಯದಲ್ಲಿ. ರೈಲಿನದು ಸುಮಾರು ಅರ್ಧ ಗಂಟೆ ಮುಂದೆ. ಈಗಿನ ಭಾರತೀಯ ಸಮಯಕ್ಕಿಂತ ಮುಂಬಯಿ ಸಮಯ 39 ನಿಮಿಷ ಹಿಂದೆ. ಊರಿಗೆ ಹೊಸಬನಾದವನು ರೈಲು ತಪ್ಪಿಸಿಕೊಳ್ಳಲು, ಒಬ್ಬ ಸಾಕ್ಷಿಯ ಹೇಳಿಕೆ ಇನ್ನೊಬ್ಬನದಕ್ಕೆ ತಾಳೆಯಾಗದಿರಲು ಇದಕ್ಕಿಂತ ಅಚ್ಚುಕಟ್ಟಾದ ಕಾರಣ ಸಿಗದು.

ಮೂರನ್ನೂ ಒಂದೇ ಹಾಳೆಯಲ್ಲಿ ದಿನದಿನಕ್ಕೆ ಬರೆಯಿರಿ. 130 ದಿನಕ್ಕೆ 36ರಿಂದ 40 ಅಧ್ಯಾಯ, ಅಧ್ಯಾಯಕ್ಕೆ ಎರಡು ಸಾವಿರ ಪದ. ಇತಿಹಾಸದ ಗೂಟಗಳನ್ನು ಮೊದಲು ನೆಡಿ: ಸೆಪ್ಟೆಂಬರ್ 23 ಬುಧವಾರ, ಅಕ್ಟೋಬರ್ 29 ಗುರುವಾರ, ಜನವರಿ 10 ಭಾನುವಾರ. ಆ ಭಾನುವಾರ ಹಾಫ್ಕಿನ್ ತನ್ನ ಲಸಿಕೆಯನ್ನು 10 ಸಿ.ಸಿ. ತನಗೇ ಚುಚ್ಚಿಸಿಕೊಂಡ. ಆಮೇಲೆ ಸಾಮಾನ್ಯರಿಗೆ ಕೊಡುತ್ತಿದ್ದುದಕ್ಕಿಂತ ಅದು ಬಹಳ ಹೆಚ್ಚು.

ಕೊನೆಯ ಗೂಟ ಜನವರಿಯ ಕೊನೆ. ಬೈಕುಲಾ ಜೈಲಿನೊಳಗೆ ಪ್ಲೇಗು ಕಾಣಿಸಿಕೊಂಡಾಗ ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಲಸಿಕೆ ಹಾಕಿಸಿಕೊಂಡರು, ಉಳಿದವರನ್ನು ಹಾಗೇ ಬಿಟ್ಟು ಎರಡೂ ಗುಂಪನ್ನು ಹೋಲಿಸಿದರು. ದಾಖಲೆಯ ಪ್ರಕಾರ ಎಲ್ಲ ಸ್ವಇಚ್ಛೆ. ಬೀಗ ಹಾಕಿದ ಕೋಣೆಯೊಳಗಿನವನ ಸ್ವಇಚ್ಛೆ ಎಂದರೇನು ಎಂದು ನಿಮ್ಮ ಯುವ ಡಾಕ್ಟರುಗಳು ಜಗಳವಾಡಲಿ. ಲಸಿಕೆ ಕೆಲಸ ಮಾಡಿತು ಎಂಬುದೂ ನಿಜವೇ. ಹಾಕಿಸಿಕೊಳ್ಳದವರಲ್ಲಿ ರೋಗವೂ ಸಾವೂ ಹೆಚ್ಚಿತ್ತು. ಎರಡನ್ನೂ ಒಟ್ಟಿಗೆ ಹಿಡಿಯಿರಿ, ಒಂದು ಪಕ್ಷವನ್ನು ಗೆಲ್ಲಿಸುವ ಆತುರ ಬೇಡ.

ಗುಟ್ಟು ಬಯಲಾಗುವುದು ಅಡಗಿ ಕೇಳಿಸಿಕೊಂಡ ಮಾತಿನಿಂದ ಅಲ್ಲ, ಕಾಗದದಿಂದ ಆಗಲಿ. ಪ್ರಯೋಗಶಾಲೆಯ ಪುಸ್ತಕದಲ್ಲಿ ಸೀಸೆ ಕಾಯಿಸಿದ್ದು ಒಂದು ಗಂಟೆ ಎಂದಿದೆ. ಜವಾನನ ಇದ್ದಿಲಿನ ಲೆಕ್ಕದಲ್ಲಿ ಅರ್ಧ ಗಂಟೆಗಾಗುವಷ್ಟೇ ಖರ್ಚಾಗಿದೆ. ಯಾರ ಲೆಕ್ಕವನ್ನು ನಂಬುತ್ತಾರೆ?

ಹಂತ 7: ಪರಿಭಾಷೆಯನ್ನು ಕೈಕೆಲಸದಲ್ಲಿ ಕರಗಿಸಿ

ಹೀಗೆ ಬರೆದರೆ ಪಠ್ಯಪುಸ್ತಕ: ‘ರಂಗನಾಥನು ಬ್ಯಾಸಿಲಸ್‌ನ ಶುದ್ಧ ಕಲ್ಚರನ್ನು ಅಗಾರ್ ಮಾಧ್ಯಮದಲ್ಲಿ ಇನಾಕ್ಯುಲೇಟ್ ಮಾಡಿ ಇನ್‌ಕ್ಯುಬೇಟ್ ಮಾಡಿದನು.’

ಹೀಗೆ ಬರೆದರೆ ಕಥೆ: ‘ರಂಗನಾಥ ತಂತಿಯ ತುದಿಯನ್ನು ದೀಪಕ್ಕೆ ಹಿಡಿದ. ಕೆಂಪಾಯಿತು. ಎಂಟೆಣಿಸಿದ. ಹತ್ತಿಯ ಬಿರಟೆಯನ್ನು ಕಿರುಬೆರಳಲ್ಲಿ ಸುತ್ತಿ ತೆಗೆದು, ಕೆಳಗಿಡದೆ, ಸೀಸೆಯ ಬಾಯನ್ನು ಉರಿಗೆ ತೋರಿಸಿದ. ಲೋಳೆಯ ಮೇಲೆ ತಂತಿ ಒಂದೇ ಒಂದು ಗೆರೆ ಎಳೆಯಿತು. ಇನ್ನು ಎರಡು ದಿನ ಕಾಯಬೇಕು. ಬಾಗಿಲ ಬಳಿ ನಿಂತ ಧೋಂಡು, ಇದನ್ನು ತೊಳೆಯೋದು ಯಾವಾಗ ಸಾಹೇಬ, ಅಂದ.’

ಎರಡನೆಯದರಲ್ಲಿ ಹೊಸ ಪದ ಒಂದೂ ಇಲ್ಲ. ತೊಳೆಯುವವನು ಯಾರು ಎಂಬುದೂ ಬಂತು. ಪುಟಕ್ಕೆ ಒಂದು ಪಾರಿಭಾಷಿಕ ಪದ ಸಾಕು, ಮೊದಲ ಸಲ ಬಂದಾಗ ಅದೇ ವಾಕ್ಯದಲ್ಲಿ ಅರ್ಥ ಬಿಡಿಸಿ. ಪುಸ್ತಕದ ಕೊನೆಯ ಪದಕೋಶವನ್ನು ಯಾರೂ ತಿರುವಿ ನೋಡುವುದಿಲ್ಲ.

ಹಂತ 8: ಕಾಲದೋಷ ಜರಡಿ ಹಿಡಿಯಿರಿ

ಮೊದಲ ಕರಡು ಮುಗಿದ ಮೇಲೆ ಈ ಒಂದೇ ಉದ್ದೇಶಕ್ಕೆ ಪೂರ್ತಿ ಓದಿ. ಮುಖಗವಸು ಹಾಕಿದ ಪ್ಲೇಗು ಡಾಕ್ಟರು 1896ಕ್ಕೆ ಸಲ್ಲ, ಅದು 1910-11ರ ಮಂಚೂರಿಯಾದ ಪ್ಲೇಗಿನಲ್ಲಿ ರೂಢಿಗೆ ಬಂದದ್ದು. ರಬ್ಬರ್ ಕೈಗವಸು ಇನ್ನೂ ಅಪರೂಪ. ರಕ್ತದ ಗುಂಪು ಗೊತ್ತಾದದ್ದು 1901ರ ಹೊತ್ತಿಗೆ. ಪ್ಲೇಗಿಗೆ ಕೆಲಸ ಮಾಡುವ ಸ್ಟ್ರೆಪ್ಟೊಮೈಸಿನ್ 1940ರ ದಶಕದ್ದು. ರೋಗಾಣುವನ್ನು ‘ಯೆರ್ಸಿನಿಯಾ’ ಎಂದು ಯಾರೂ ಕರೆಯಬಾರದು, ಆ ಹೆಸರೂ ಎಷ್ಟೋ ಆಮೇಲೆ ಬಂತು, ‘ಬ್ಯಾಸಿಲಸ್’ ಸಾಕು. ಪರಳದ ಹಳೆಯ ಗವರ್ನರ್ ಬಂಗಲೆಗೆ ಪ್ರಯೋಗಶಾಲೆ ಹೋದದ್ದು 1899ರಲ್ಲಿ, ಹಾಫ್ಕಿನ್ ಹೆಸರು ಬಂದದ್ದು 1925ರಲ್ಲಿ.

ಊರಿನ ಮಟ್ಟಿಗೆ: ಟ್ರಾಮು ಉಂಟು, ಆದರೆ ಕುದುರೆ ಎಳೆಯುವುದು. ವಿದ್ಯುತ್ ಟ್ರಾಮು 1907ರದ್ದು. ವಿಕ್ಟೋರಿಯಾ ಟರ್ಮಿನಸ್ ಇದೆ, ಗೇಟ್‌ವೇ ಇಲ್ಲ, ತಾಜ್ ಇಲ್ಲ, ಕೆ.ಇ.ಎಂ. ಆಸ್ಪತ್ರೆ ಇಲ್ಲ. ಟೆಲಿಫೋನು ಇದೆ, ಉಳ್ಳವರ ಬಳಿ ಮಾತ್ರ. ಹದಿನಾರಾಣೆಗೆ ರೂಪಾಯಿ, ಹನ್ನೆರಡು ಪೈಗೆ ಆಣೆ. ಜ್ವರ ಫ್ಯಾರನ್‌ಹೀಟಿನಲ್ಲಿ.

ಹಂತ 9: ನಿಜದ ಜನರನ್ನು ಬದಿಯಲ್ಲಿಡಿ

ಹಾಫ್ಕಿನ್, ವೀಗಸ್, ಸ್ನೋ ಇವರು ಬಾಗಿಲಲ್ಲಿ ಹಾದು ಹೋಗಲಿ, ದಾಖಲೆಯಲ್ಲಿರುವ ಕೆಲಸ ಮಾತ್ರ ಮಾಡಲಿ. ಅವರ ತಲೆಗೆ ಇಲ್ಲದ ಪಾಪ ಕಟ್ಟಬೇಡಿ. ಕಳ್ಳತನ, ಸುಳ್ಳು ಲೆಕ್ಕ, ಪ್ರೇಮ, ದ್ರೋಹ ಎಲ್ಲ ನೀವು ಹುಟ್ಟಿಸಿದ ಪಾತ್ರಗಳ ಪಾಲಿಗೆ. ಜಾತಿಯ ಹೆಸರು ಆ ಕಾಲದ ಕಡತದಲ್ಲಿ ಹೇಗಿದೆಯೋ ಹಾಗೆ ಪಾತ್ರದ ಬಾಯಲ್ಲಿ ಬರಬಹುದು, ನಿರೂಪಕನ ಬಾಯಲ್ಲಿ ಬೇಡ.

ಹಸ್ತಪ್ರತಿಯನ್ನು ಇಬ್ಬರಿಗೆ ಕೊಡಿ: ಸೂಕ್ಷ್ಮಜೀವಿಶಾಸ್ತ್ರ ಬಲ್ಲ ಒಬ್ಬರಿಗೆ ಮೂರನೇ ಹಂತದ ದೃಶ್ಯಗಳು, ಮುಂಬಯಿಯ ಗಿರಣಿ ಪ್ರದೇಶದಲ್ಲಿ ಬೆಳೆದ ಒಬ್ಬರಿಗೆ ನಾಲ್ಕನೇ ಹಂತದವು. ಸಾಹಿತಿ ಮಿತ್ರರಿಗೆ ಆಮೇಲೆ ಕೊಟ್ಟರಾಯಿತು. ಕೊನೆಗೆ ಒಂದು ಪುಟದ ಲೇಖಕರ ಟಿಪ್ಪಣಿ ಸೇರಿಸಿ: ಯಾವ ತಾರೀಖು ನಿಜ, ಯಾವ ಪಾತ್ರ ಕಲ್ಪನೆ, ಯಾವ ಘಟನೆಯನ್ನು ಹಿಂದೆಮುಂದೆ ಸರಿಸಿದ್ದೀರಿ. ಅದನ್ನು ಮುಕ್ತಾಯದ ನಂತರವೇ ಅಚ್ಚು ಹಾಕಿಸಿ. ಮುನ್ನುಡಿಯ ಜಾಗದಲ್ಲಿ ಹಾಕಿದರೆ ಜೈಲಿನ ಅಧ್ಯಾಯದ ಫಲಿತಾಂಶ ಓದುಗನಿಗೆ ಮೊದಲೇ ಗೊತ್ತಾಗಿಬಿಡುತ್ತದೆ.